ಮರಗಸಿಯೂ ಮರಗಡಿತವೂ

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಮನೆ ಮಾಡಿಕೊಂಡು ಬಾಳುವವರಿಗೆ ವರ್ಷದಲ್ಲಿ ಒಂದು ಕಾಲ ಬರುತ್ತದೆ. ಆಗ ಅವರು ಆಕಾಶವನ್ನು ನೋಡುವುದಕ್ಕಿಂತ ಹೆಚ್ಚಾಗಿ ತಮ್ಮ ಹಿತ್ತಿಲ ಮರದ ತುದಿಯನ್ನು ನೋಡುತ್ತಾರೆ. ಮೃಗಶಿರೆ ಕಳೆದು ಆರಿದ್ರೆ ಹಿಡಿಯಿತೆಂದರೆ ಘಟ್ಟದ ಅಂಚಿನಿಂದ ಎದ್ದು ಬರುವ ಗಾಳಿ ಹೆಂಚನ್ನಷ್ಟೇ ಎತ್ತಿ ಸುಮ್ಮನಾಗುವುದಿಲ್ಲ. ಅಜ್ಜನ ಕಾಲದ ಮರವನ್ನೂ ಬುಡಸಹಿತ ಅಲುಗಿಸಿ ನೋಡುತ್ತದೆ. ಆ ದಿನಗಳಲ್ಲಿ ಮನೆಯವರಿಗೆ ಎರಡು ಭಯ. ಒಂದು, ಮರ ಮನೆಯ ಮೇಲೆ ಬಿದ್ದೀತೆಂಬುದು. ಇನ್ನೊಂದು, ಬೀಳುವ ಮೊದಲೇ ಕಡಿಸಿದರೆ ಅರಣ್ಯ ಇಲಾಖೆಯವರು ಬಂದಾರೆಂಬುದು. ಮೊದಲನೆಯ ಭಯಕ್ಕೆ ಮಳೆಗಾಲದ ನಾಲ್ಕು ತಿಂಗಳ ಆಯುಸ್ಸು, ಎರಡನೆಯದಕ್ಕೆ ಋತುಭೇದವಿಲ್ಲ. ಇವೆರಡರ ನಡುವೆ ಸಿಕ್ಕಿದವರು ಸಾಮಾನ್ಯವಾಗಿ ಎರಡರಲ್ಲೊಂದನ್ನು ಮಾಡುತ್ತಾರೆ: ಏನೂ ಮಾಡದೆ ದೇವರ ಮೇಲೆ ಭಾರ ಹಾಕಿ ಕುಳಿತಿರುತ್ತಾರೆ, ಇಲ್ಲವೇ ಭಾನುವಾರದ ಮುಂಜಾನೆ ಯಾರಿಗೂ ತಿಳಿಯದ ಹಾಗೆ ಕಡಿಸಿ ಉಳಿದ ಬೊಡ್ಡೆಯ ಮೇಲೆ ಮಣ್ಣೆಳೆಯುತ್ತಾರೆ. ಮೂರನೆಯ ದಾರಿಯೊಂದಿದೆ, ಅದು ಕಾನೂನಿನ ದಾರಿ. ಕನ್ನಡ ಪಾಠ ಹೇಳಿ ನಿವೃತ್ತನಾದವನು ಅದರ ವಿಷಯ ಮಾತಾಡುವುದೇಕೆಂದು ಶ್ರೋತೃಗಳಿಗೆ ಅನ್ನಿಸಬಹುದು. ಈ ಕಾನೂನಿನ ತೊಡಕಿನಲ್ಲಿ ಅರ್ಧಪಾಲು ಶಬ್ದಾರ್ಥದ ತೊಡಕು ಎಂದು ನನಗೆ ತೋರಿರುವುದೇ ಅದಕ್ಕೆ ಕಾರಣ.

ಮರಕ್ಕೆ ಮನುಷ್ಯ ಮಾಡುವ ಕೆಲಸಗಳಿಗೆ ನಮ್ಮ ಭಾಷೆಯಲ್ಲಿ ಎಷ್ಟು ಕ್ರಿಯಾಪದಗಳಿವೆ ಎಂದು ಒಮ್ಮೆ ಯೋಚಿಸಿ ನೋಡಬೇಕು. ಕಡಿಯುವುದು ಬೇರೆ, ಸವರುವುದು ಬೇರೆ. ತರಿಯುವುದು, ಕೊಚ್ಚುವುದು, ಉರುಳಿಸುವುದು, ಕೀಳುವುದು, ಸೊಪ್ಪು ಮುರಿಯುವುದು, ಕುಡಿ ಚಿವುಟುವುದು - ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಂತೂ ಇವೆಲ್ಲಕ್ಕಿಂತ ನಯವಾದ ಒಂದು ಮಾತಿದೆ: ಮರಗಸಿ. ಬಯಲುಸೀಮೆಯವರಿಗೆ ಕಸಿ ಎಂದೊಡನೆ ಮಾವಿನ ಗಿಡ ನೆನಪಾಗುತ್ತದೆ. ಒಂದು ಗಿಡದ ಕುಡಿಯನ್ನು ಇನ್ನೊಂದರ ಕಾಂಡಕ್ಕೆ ಕೂಡಿಸುವುದು ಅವರ ಕಸಿ. ತೋಟದವರಿಗೆ ಕಸಿ ಎಂದರೆ ಕೂಡಿಸುವುದಲ್ಲ, ಕಳೆಯುವುದು. ಕಾಫಿ ಗಿಡದ ಬೇಡದ ರೆಕ್ಕೆಗಳನ್ನು ಕಳೆದರೆ ಗಿಡಗಸಿ, ಅದರ ಮೇಲೆ ನೆರಳು ಹಿಡಿದು ನಿಂತ ದೊಡ್ಡ ಮರದ ಕೊಂಬೆಗಳನ್ನು ಕಳೆದರೆ ಮರಗಸಿ. ಕಕಾರಕ್ಕೆ ಗಕಾರ ಆದೇಶವಾಗಿ ಬಂದ ಈ ಸಂಧಿಯನ್ನು ನಾನು ತರಗತಿಯಲ್ಲಿ ಉದಾಹರಣೆಯಾಗಿ ಕೊಟ್ಟಾಗ, ಬಯಲುಸೀಮೆಯ ಹುಡುಗರು ಅದೇನೋ ಹಳಗನ್ನಡದ ಪ್ರಯೋಗವಿರಬೇಕೆಂದು ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಹಾನುಬಾಳು, ಹೆತ್ತೂರು ಕಡೆಯ ಹುಡುಗರು ಮಾತ್ರ ನಗುತ್ತಿದ್ದರು.

ಮರಗಸಿ ನೋಡುವವರಿಗೆ ಕಂಡಷ್ಟು ಸುಲಭವಲ್ಲ. ಮಾರ್ಚ್ ಏಪ್ರಿಲಿನ ಹೂಮಳೆ ಬಂದು ಕಾಫಿ ಅರಳಿ ಮುಗಿದ ಮೇಲೆ, ಮುಂಗಾರು ಹಿಡಿಯುವ ಮುನ್ನ, ಏಣಿ, ಹಗ್ಗ, ಕತ್ತಿ ಹಿಡಿದು ಮರವೇರುವ ಆಳು ಮೇಲೆ ನಿಂತು ಒಂದು ಲೆಕ್ಕ ಹಾಕುತ್ತಾನೆ. ಯಾವ ಕೊಂಬೆ ಪೂರ್ವದ ಬಿಸಿಲನ್ನು ತಡೆಯುತ್ತಿದೆ, ಯಾವುದು ಪಡುವಣ ಗಾಳಿಗೆ ಮುರಿದೀತು, ಯಾವುದನ್ನು ತೆಗೆದರೆ ಮರದ ತೂಕ ಒಂದೇ ಕಡೆಗೆ ವಾಲೀತು, ಬಿದ್ದ ಕೊಂಬೆ ಕೆಳಗಿನ ಯಾವ ಕಾಫಿ ಗಿಡದ ಮೇಲೆ ಬಿದ್ದೀತು - ಇಷ್ಟನ್ನೂ ಅವನು ಎರಡು ಬೀಡಿ ಸೇದುವಷ್ಟು ಹೊತ್ತಿನಲ್ಲಿ ತೀರ್ಮಾನಿಸಬೇಕು. ಕೈ ತಪ್ಪಿದರೆ ಪ್ರಾಣಕ್ಕೇ ಬಂತು. ಈ ಕೆಲಸಕ್ಕೆ ಈಗ ಜನ ಸಿಕ್ಕುವುದಿಲ್ಲ ಎಂದು ತೋಟದವರು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ; ಮಗನಿಗೆ ಈ ಕಸುಬು ಬೇಡವೆಂದು ಅಪ್ಪನೇ ಹೇಳಿದ್ದರೆ ಅದರಲ್ಲಿ ತಪ್ಪೂ ಇಲ್ಲ.

ಇನ್ನು ಕಾನೂನು. 1976ರಲ್ಲಿ ನಮ್ಮ ರಾಜ್ಯದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಬಂತು. ಸಂವಿಧಾನಕ್ಕೆ ನಲವತ್ತೆರಡನೆಯ ತಿದ್ದುಪಡಿಯಾಗಿ, ಅರಣ್ಯಗಳನ್ನು ಕಾಪಾಡುವುದು ರಾಜ್ಯದ ಹೊಣೆಯೆಂದೂ ಪ್ರಜೆಯ ಕರ್ತವ್ಯವೆಂದೂ ಸೇರಿದ್ದು ಅದೇ ವರ್ಷ. ಅರಣ್ಯ ಕಾಯಿದೆ ಕಾಡಿನ ಮರಕ್ಕೆ ಮೊದಲೇ ಇತ್ತು. ಈ ಹೊಸ ಕಾಯಿದೆಯ ವಿಶೇಷವೆಂದರೆ ಅದು ಖಾಸಗಿಯವರ ಅಂಗಳಕ್ಕೂ ಹಿತ್ತಿಲಿಗೂ ಬಂದದ್ದು. ಅದು ಹೇಳುವ ಮುಖ್ಯ ಮಾತು ಒಂದೇ: ವೃಕ್ಷಾಧಿಕಾರಿಯ ಪೂರ್ವಾನುಮತಿಯಿಲ್ಲದೆ ಮರ ಕಡಿಯಕೂಡದು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು, ಕಡಿಯುವುದೆಂದರೆ ಏನೆಂಬುದು. ಬುಡದಿಂದ ಕಾಂಡವನ್ನು ಬೇರ್ಪಡಿಸುವುದು, ಬೇರುಸಹಿತ ಕೀಳುವುದು ಸರಿಯೇ ಸರಿ. ಅವುಗಳ ಜೊತೆಗೆ ಯಂತ್ರದಿಂದ ನೂಕಿ ಕೆಡವುವುದು, ಬೊಡ್ಡೆಯ ಸುತ್ತ ತೊಗಟೆ ಸುಲಿದು ಉಂಗುರ ಮಾಡುವುದು, ಕೊಂಬೆ ಸವರುವುದು, ತಲೆ ಕಡಿದು ಬೋಳಿಸುವುದು, ಮರ ಸಾಯುವ ಔಷಧ ಹಾಕುವುದು, ಸುಡುವುದು, ಬೇರಾವುದೇ ರೀತಿಯಲ್ಲಿ ಘಾಸಿ ಮಾಡುವುದು - ಇವೆಲ್ಲವೂ ಕಾಯಿದೆಯ ದೃಷ್ಟಿಯಲ್ಲಿ ಕಡಿತವೇ. ನಮ್ಮ ಹತ್ತು ಕ್ರಿಯಾಪದಗಳು ಅಲ್ಲಿ ಒಂದೇ ಕ್ರಿಯಾಪದದ ಹೊಟ್ಟೆಯಲ್ಲಿ ಸೇರಿಹೋಗಿವೆ. ತೋಟದ ಆಳು ಮರಗಸಿಯೆನ್ನುವುದಕ್ಕೂ ಕಳ್ಳ ನಾಟಾ ವ್ಯಾಪಾರಿ ರಾತ್ರೋರಾತ್ರಿ ಮಾಡುವುದಕ್ಕೂ ಹೆಸರು ಒಂದೇ ಆಯಿತು.

ಇದನ್ನು ಓದಿದೊಡನೆ ಮಲೆನಾಡಿನವರಿಗೆ ಕೋಪ ಬರುವುದು ಸಹಜ. ಆದರೆ ಕಾಯಿದೆ ಬರೆದವರು ಅವಿವೇಕಿಗಳಾಗಿರಲಿಲ್ಲ. ಒಂದು ಮರವನ್ನು ಕೊಲ್ಲುವುದಕ್ಕೆ ಕೊಡಲಿ ಬೇಕೆಂದಿಲ್ಲ. ಈ ವರ್ಷ ಒಂದು ಕೊಂಬೆ, ಬರುವ ವರ್ಷ ಎರಡು, ಆಮೇಲೆ ತಲೆ, ಆಮೇಲೆ ಬುಡಕ್ಕೊಂದು ಉಂಗುರ. ಮೂರನೆಯ ಬೇಸಗೆಗೆ ಮರ ತಾನೇ ಒಣಗಿ ನಿಂತಿರುತ್ತದೆ, ಒಣಮರ ಕಡಿಯಲು ಅರ್ಜಿ ಕೊಡುವುದಷ್ಟೇ ಬಾಕಿ. ಸವರುವುದನ್ನು ಹೊರಗಿಟ್ಟಿದ್ದರೆ ಕಾಯಿದೆಗೆ ಬೇಲಿಯಿದ್ದೂ ತಡಿಕೆಯಿಲ್ಲದ ಹಾಗಾಗುತ್ತಿತ್ತು. ಇಂಗ್ಲೆಂಡಿನಲ್ಲಿ 1947ರ ನಗರ ಯೋಜನಾ ಕಾಯಿದೆಯಿಂದ ಮುಂದೆ, ಸಂರಕ್ಷಣೆಯ ಆಜ್ಞೆ ಹೊರಟ ಮರದ ತಲೆ ತೆಗೆಯುವುದಕ್ಕೂ ಕೊಂಬೆ ಕಡಿಯುವುದಕ್ಕೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕಾಗಿದೆ. ವ್ಯತ್ಯಾಸವೆಂದರೆ, ಅಲ್ಲಿ ಇಂಥ ಮರ ಎಂದು ಆರಿಸಿ ಆಜ್ಞೆ ಹೊರಡಿಸುತ್ತಾರೆ; ನಮ್ಮಲ್ಲಿ ಎಲ್ಲ ಮರವನ್ನೂ ಒಳಗೆ ಸೇರಿಸಿ, ಆಮೇಲೆ ಕೆಲವು ಜಾತಿಗಳನ್ನು ಹೊರಗೆ ಬಿಟ್ಟಿದ್ದಾರೆ. ಈ ಹೊರಗೆ ಬಿಟ್ಟ ಪಟ್ಟಿಯ ಮಾತಿಗೆ ಮುಂದೆ ಬರುತ್ತೇನೆ. ನನ್ನ ಮುಖ್ಯ ತಕರಾರು ಇರುವುದೇ ಅಲ್ಲಿ.

"ಮೇಷ್ಟ್ರೇ, ನಮ್ಮ ಮನೆ ಮರ ಸ್ವಾಮಿ. ನಾನೇ ಬಿಂದಿಗೇಲಿ ನೀರು ಹೊತ್ತು ಬೆಳೆಸಿದ್ದು. ಇದಕ್ಕೆ ಯಾರಪ್ಪಣೆ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಉತ್ತರ ಸ್ವಲ್ಪ ಉದ್ದವಾದದ್ದು. ಮರ ನಿಮ್ಮದೇ ಇರಬಹುದು, ಆದರೂ ಅಪ್ಪಣೆ ಬೇಕು, ಅದು ಒಂದು. ಮರ ನಿಮ್ಮ ಜಮೀನಿನಲ್ಲೇ ಇದ್ದೂ ನಿಮ್ಮದಲ್ಲದೆ ಇರಬಹುದು, ಅದು ಇನ್ನೊಂದು. 1964ರ ಭೂಕಂದಾಯ ಕಾಯಿದೆ, ಹಿಡುವಳಿಯಲ್ಲಿರುವ ಮರಗಳ ಹಕ್ಕನ್ನು ಸಾಮಾನ್ಯವಾಗಿ ಹಿಡುವಳಿದಾರನಿಗೆ ಬಿಟ್ಟುಕೊಟ್ಟಿದ್ದರೂ, ಸರ್ಕಾರ ಕಾದಿರಿಸಿಕೊಂಡ ಮರಗಳನ್ನು ಅದರಿಂದ ಹೊರತುಮಾಡಿದೆ. ಬೀಟೆ, ತೇಗದಂಥ ಬೆಲೆಬಾಳುವ ಮರಗಳು ಮಲೆನಾಡಿನ ಹಲವು ಹಿಡುವಳಿಗಳಲ್ಲಿ ಹೀಗೆ ಸರ್ಕಾರದ ಲೆಕ್ಕದಲ್ಲಿ ನಿಂತಿರುತ್ತವೆ. ಆದ್ದರಿಂದ ಮನೆಗೆ ಜಾಗ ಕೊಳ್ಳುವವರು ಪತ್ರದಲ್ಲಿ ಚಕ್ಕುಬಂದಿಯನ್ನು ನೋಡಿದಷ್ಟೇ ಶ್ರದ್ಧೆಯಿಂದ ಮರದ ಮಾತನ್ನೂ ನೋಡಬೇಕು. ಜಮೀನು ಯಾವ ಕಾಲದಲ್ಲಿ, ಯಾವ ಷರತ್ತಿನ ಮೇಲೆ ಮಂಜೂರಾಯಿತು, ಮರದ ಬೆಲೆ ಕಟ್ಟಿದೆಯೋ ಇಲ್ಲವೋ ಎಂಬುದರ ಮೇಲೆ ಒಡೆತನ ನಿಲ್ಲುತ್ತದೆ. ಬೇಲಿ ಯಾರದೆಂಬುದರ ಮೇಲಲ್ಲ.

ಶ್ರೀಗಂಧದ ಕಥೆಯಂತೂ ಈ ಒಡೆತನದ ವಿಚಾರದಲ್ಲಿ ಒಂದು ದೊಡ್ಡ ಪಾಠ. ಟಿಪ್ಪು ಸುಲ್ತಾನನ ಕಾಲದಲ್ಲಿ ರಾಜವೃಕ್ಷವೆನಿಸಿದ ಗಂಧ, ಆಮೇಲೆ ಮೈಸೂರು ಅರಸರ ಆಳ್ವಿಕೆಯಲ್ಲೂ, ಸ್ವಾತಂತ್ರ್ಯಾನಂತರವೂ ಸರ್ಕಾರದ ಸೊತ್ತಾಗಿಯೇ ಉಳಿಯಿತು. ರೈತನ ಬದುವಿನಲ್ಲಿ ಹುಟ್ಟಿದ ಗಂಧದ ಮರಕ್ಕೆ ರೈತ ಕಾವಲುಗಾರ ಮಾತ್ರ. ಕಳುವಾದರೆ ವಿಚಾರಣೆ ಅವನಿಗೆ, ಬೆಳೆದರೆ ಲಾಭದ ದೊಡ್ಡ ಪಾಲು ಬೊಕ್ಕಸಕ್ಕೆ. ಇಂಥ ಅತಿಥಿಯನ್ನು ಯಾರು ತಾನೆ ಮನೆಗೆ ಕರೆದಾರು? ಹಕ್ಕಿ ಉದುರಿಸಿದ ಬೀಜದಿಂದ ಗಂಧದ ಸಸಿ ಮೊಳೆತರೆ ಎರಡೆಲೆಯಾಗುವಾಗಲೇ ಕಿತ್ತೆಸೆಯುವುದು ಹಳ್ಳಿಗಳಲ್ಲಿ ವಾಡಿಕೆಯಾಯಿತು. ಕೊನೆಗೆ 2001ರಲ್ಲಿ ಅರಣ್ಯ ಕಾಯಿದೆಯನ್ನು ತಿದ್ದಿ, ತನ್ನ ಜಮೀನಿನ ಗಂಧದ ಮರಕ್ಕೆ ಹಿಡುವಳಿದಾರನೇ ಹಕ್ಕುದಾರ ಎಂದು ಮಾಡಿದರು. ಕಡಿಯುವುದಕ್ಕೂ ಮಾರುವುದಕ್ಕೂ ನಿಯಮಗಳು ಇಂದಿಗೂ ಇವೆ; ಆದರೆ ನೆಡುವುದಕ್ಕೆ ಈಗ ಯಾರೂ ಹೆದರುವುದಿಲ್ಲ.

ಅರ್ಜಿಯ ವಿಷಯ ಹೇಳುತ್ತೇನೆ. ವೃಕ್ಷಾಧಿಕಾರಿಯೆಂದರೆ ಅರಣ್ಯ ಇಲಾಖೆಯ ಅಧಿಕಾರಿಯೇ. ಸಕಲೇಶಪುರ, ಯಸಳೂರು, ಆಲೂರು ವಲಯಗಳ ಪೈಕಿ ನಿಮ್ಮ ಊರು ಯಾವುದಕ್ಕೆ ಸೇರಿದೆಯೋ ಆ ಕಚೇರಿಯಲ್ಲಿ ವಿಚಾರಿಸಿದರೆ ಅರ್ಜಿ ಯಾರ ಹೆಸರಿಗೆ ಎಂಬುದು ತಿಳಿಯುತ್ತದೆ. ಪಹಣಿ ಅಥವಾ ಮನೆಯ ಖಾತೆಯ ನಕಲು, ಮರದ ಜಾತಿ, ಸುತ್ತಳತೆ, ಅದು ನಿಂತ ಜಾಗ, ಕಡಿಯಬೇಕಾದ ಕಾರಣ - ಇಷ್ಟನ್ನು ಸರಳವಾಗಿ ಬರೆದರೆ ಸಾಕು. "ತಮ್ಮ ಚರಣಾರವಿಂದಗಳಲ್ಲಿ" ಎಂಬಂಥ ಒಕ್ಕಣೆ ಬೇಕಿಲ್ಲ. ಒಂದು ಛಾಯಾಚಿತ್ರ ಲಗತ್ತಿಸಿದರೆ ಹತ್ತು ವಾಕ್ಯ ಉಳಿಯುತ್ತದೆ. ಅಧಿಕಾರಿ ಸ್ಥಳಕ್ಕೆ ಬಂದು ಮರ ನೋಡಿ, ಪೂರ್ಣವಾಗಿಯೋ ಭಾಗಶಃವೋ ಅನುಮತಿ ಕೊಡಬಹುದು, ನಿರಾಕರಿಸಲೂಬಹುದು. ನಿರಾಕರಿಸಿದರೆ ಕಾರಣವನ್ನು ಬರೆಹದಲ್ಲಿ ಕೊಡಬೇಕು, ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. ಬಾಯಿಮಾತಿನ "ಆಗೋಲ್ಲ" ಎಂಬುದು ಕಾನೂನಿನ ಉತ್ತರವಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಕಾಯಿದೆಯಲ್ಲಿದೆ, ಅದನ್ನು ಹೆಚ್ಚಿನವರು ಕೇಳಿಯೇ ಇಲ್ಲ. ಕೆಲವು ಸಂದರ್ಭಗಳಲ್ಲಿ ಅನುಮತಿಯನ್ನು ನಿರಾಕರಿಸಕೂಡದು ಎಂದು ಅದು ಅಧಿಕಾರಿಗೇ ವಿಧಿಸಿದೆ. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಉರುಳಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಾಗಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ, ಸಿಡಿಲು, ಮಳೆಯಿಂದ ಬಹಳವಾಗಿ ಜಖಂಗೊಂಡಿದ್ದರೆ, ಹಳ್ಳಿಗಾಡಿನಲ್ಲಿ ಮನೆಯ ಸೌದೆಗೆ, ಮೇವಿಗೆ, ನೇಗಿಲು ನೊಗದಂಥ ಉಪಕರಣಕ್ಕೆ ನಿಜವಾಗಿಯೂ ಬೇಕಾಗಿದ್ದರೆ - ಅನುಮತಿ ಕೊಡಲೇಬೇಕು. ಬಲಿತು ಕಡಿತಲೆಗೆ ಬಂದ ಮರಕ್ಕೂ ಹೀಗೆಯೇ, ಆದರೆ ಅದು ಕಡಿದಾದ ಇಳಿಜಾರಿನಲ್ಲಿ ನಿಂತಿರಬಾರದು. ಈ ಕೊನೆಯ ಷರತ್ತನ್ನು ಓದಿದಾಗ ನನಗೆ ನಗು ಬಂತು; ನಮ್ಮ ಕಡೆ ಇಳಿಜಾರಲ್ಲದ ನೆಲ ಎಲ್ಲಿದೆ? ಆಮೇಲೆ ನಗು ನಿಂತಿತು. 2018ರ ಆಗಸ್ಟಿನ ಮಳೆಯಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುದಾರಿಯ ಮೇಲೆ ಗುಡ್ಡ ಜಾರಿ ತಿಂಗಳುಗಟ್ಟಲೆ ಗಾಡಿ ಓಡಲಿಲ್ಲ. 2024ರ ಜುಲೈಯಲ್ಲಿ ಅದೇ ದಾರಿಯಲ್ಲಿ ಮತ್ತೆ ಮಣ್ಣು ಕುಸಿಯಿತು. ಗುಡ್ಡದ ಮರವನ್ನು ಕಡಿದಾಗ ನೆಲ ಆ ವರ್ಷವೇ ಜಾರುವುದಿಲ್ಲ. ಬೊಡ್ಡೆಯ ಕೆಳಗೆ ಬೇರು ಇನ್ನೂ ಗಟ್ಟಿಯಾಗಿರುತ್ತದೆ, ಮಣ್ಣನ್ನು ಹಿಡಿದೇ ಇರುತ್ತದೆ. ಕೆಲವು ಮಳೆಗಾಲ ಕಳೆದು ಬೇರು ಕೊಳೆತು ಹುಡಿಯಾದಾಗ, ಕಡಿದವರು ಯಾರೆಂಬುದನ್ನೇ ಜನ ಮರೆತಿರುವಾಗ, ಮನೆಯ ಹಿಂದಿನ ಧರೆ ಇಳಿಯುತ್ತದೆ. ಮನೆ ಕಟ್ಟುವ ಉತ್ಸಾಹದಲ್ಲಿ ಗುಡ್ಡವನ್ನು ನೆಟ್ಟಗೆ ಕಡಿದು, ಅದರ ನೆತ್ತಿಯ ಮರವನ್ನು ಮಾತ್ರ ಅಪರಾಧಿಯಂತೆ ನೋಡುವವರು ಇದನ್ನು ಯೋಚಿಸಬೇಕು.

ಅನುಮತಿ ಪಡೆದವನಿಗೆ ಒಂದು ಋಣವೂ ಇದೆ: ಕಡಿದದ್ದಕ್ಕೆ ಬದಲಾಗಿ ಅಧಿಕಾರಿ ಹೇಳಿದಷ್ಟು ಗಿಡ ನೆಡಬೇಕು. ಮತ್ತೆ, ಕಡಿಯುವ ಅನುಮತಿ ಸಾಗಿಸುವ ಅನುಮತಿಯಲ್ಲ. ನಾಟಾವನ್ನು ಲಾರಿಗೆ ಹೇರುವ ಮೊದಲು ರಹದಾರಿ ಬೇಕಾಗುತ್ತದೆ. ಕಡಿಯುವಲ್ಲಿ ನ್ಯಾಯವಾಗಿದ್ದವರು ಸಾಗಿಸುವಲ್ಲಿ ಸಿಕ್ಕಿಬಿದ್ದ ನಿದರ್ಶನಗಳುಂಟು.

ನೆರೆಮನೆಯವರ ಮರದ ಕೊಂಬೆ ನಮ್ಮ ಮಾಡಿನ ಮೇಲೆ ಚಾಚಿದ್ದರೆ? ಈ ಜಗಳ ಬೇಲಿಯಷ್ಟೇ ಹಳೆಯದು. 1890ರ ದಶಕದಲ್ಲಿ ಲಂಡನ್ನಿನ ಶ್ರೀಮಂತರ ಸಭೆಯವರೆಗೆ ಹೋದ ಲೆಮ್ಮನ್ ಮತ್ತು ವೆಬ್ ಎಂಬವರ ವ್ಯಾಜ್ಯದಲ್ಲಿ, ಗಡಿ ದಾಟಿ ಬಂದ ಕೊಂಬೆಯನ್ನು ಪಕ್ಕದವನು ತನ್ನ ನೆಲದಲ್ಲೇ ನಿಂತು ಗಡಿಯವರೆಗೆ ಕಡಿಯಬಹುದೆಂದು ತೀರ್ಪಾಯಿತು. ನಮ್ಮ ವಕೀಲರೂ ಅದನ್ನು ಆಗಾಗ ನೆನೆಯುವುದುಂಟು. ಆದರೆ ನಮ್ಮಲ್ಲಿ ಸವರುವುದೂ ಕಡಿತವೇ ಆಗಿರುವಾಗ, ಆ ಹಕ್ಕನ್ನು ಕತ್ತಿ ಹಿಡಿದು ಚಲಾಯಿಸುವ ಮೊದಲು ಅರ್ಜಿಯನ್ನು ಹಿಡಿಯುವುದು ಲೇಸು. ಇಬ್ಬರೂ ಸೇರಿ ಒಂದೇ ಅರ್ಜಿ ಕೊಟ್ಟರೆ ಇನ್ನೂ ಲೇಸು. ನೆರೆಯವರು ಒಪ್ಪದೆ, ಮರ ಇವತ್ತೋ ನಾಳೆಯೋ ಎಂಬಂತಿದ್ದರೆ, ಬೀಳುವ ಸ್ಥಿತಿಯಲ್ಲಿರುವ ಮರವನ್ನು ತೆಗೆಸುವಂತೆ ಅದರ ಒಡೆಯನಿಗೆ ಆಜ್ಞೆ ಮಾಡುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಪ್ರಕರಣವಾಗಿದ್ದ ಈ ಅಧಿಕಾರ 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣವಾಗಿದೆ. ಸಂಖ್ಯೆ ಬದಲಾಯಿತು, ಮರ ಅದೇ. ವಿದ್ಯುತ್ ತಂತಿಗೆ ತಗುಲುವ ಕೊಂಬೆಯನ್ನಂತೂ ಮನೆಯವರು ಮುಟ್ಟಲೇಬಾರದು. ಅದು ವಿದ್ಯುತ್ ನಿಗಮದವರ ಕೆಲಸ. ತಂತಿಗೆ ಅಡ್ಡಿಯಾದ ಮರವನ್ನು ತೆಗೆಸಲು 2003ರ ವಿದ್ಯುಚ್ಛಕ್ತಿ ಕಾಯಿದೆಯಲ್ಲಿ ದಾರಿಯಿದೆ. ತಂತಿ ಎಳೆಯುವ ಮೊದಲೇ ಮರ ಇದ್ದಿದ್ದರೆ ಅದರ ಒಡೆಯನಿಗೆ ಪರಿಹಾರವೂ ಸಲ್ಲಬೇಕೆಂದು ಅಲ್ಲೇ ಹೇಳಿದೆ. ಈ ಎರಡನೆಯ ವಾಕ್ಯವನ್ನು ಯಾರೂ ತಾವಾಗಿ ಓದಿ ಹೇಳುವುದಿಲ್ಲ.

ಅನುಮತಿ ಕೈಗೆ ಬಂತೆನ್ನಿ. ಆಗಲೂ, ಮರವನ್ನು ಪೂರ್ತಿ ತೆಗೆಯದೆ ಸವರಿದರೆ ಸಾಕೆಂದಾದರೆ, ಹೇಗೆ ಸವರಬೇಕೆಂಬುದು ಉಳಿಯುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದುದ್ದಕ್ಕೆ ಸೀಳಿ ನೋಡಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಮನುಷ್ಯನ ಗಾಯ ಮಾಯುತ್ತದೆ. ಮರದ ಗಾಯ ಮಾಯುವುದಿಲ್ಲ. ಮರ ತನ್ನ ಗಾಯದ ಸುತ್ತ ಒಳಗೆ ಗೋಡೆ ಕಟ್ಟಿ, ಕೊಳೆತ ಭಾಗವನ್ನು ಬೇರ್ಪಡಿಸಿ, ಅದರ ಮೇಲೆ ಹೊಸ ಮರವನ್ನು ಬೆಳೆಸುತ್ತದೆ. ಕೊಂಬೆ ಕಾಂಡಕ್ಕೆ ಕೂಡುವಲ್ಲಿ ಒಂದು ಉಬ್ಬು, ಅಂಗಿಯ ಕೊರಳಪಟ್ಟಿಯಂಥದು, ಕಾಣುತ್ತದೆಯಲ್ಲ, ಆ ಗೋಡೆ ಕಟ್ಟುವ ಶಕ್ತಿಯೆಲ್ಲ ಅಲ್ಲಿದೆ. ಚೆನ್ನಾಗಿ ಕಾಣಲೆಂದು ಕಾಂಡಕ್ಕೆ ನುಣ್ಣಗೆ ಹತ್ತಿಸಿ ಕಡಿದರೆ ಆ ಉಬ್ಬೇ ಹೋಗುತ್ತದೆ. ಮೊಳದುದ್ದ ಮೋಟು ಬಿಟ್ಟರೆ ಅದು ಕೊಳೆತು ಒಳಗಿಳಿಯುತ್ತದೆ. ಉಬ್ಬನ್ನು ಉಳಿಸಿ ಅದರ ಹೊರ ಅಂಚಿಗೆ ಕಡಿಯಬೇಕು. ದಪ್ಪ ಕೊಂಬೆಯಾದರೆ ಒಂದಷ್ಟು ಮುಂದೆ ಮೊದಲು ಕೆಳಗಿನಿಂದ ಒಂದು ಗಾಯ ಮಾಡಿ, ಆಮೇಲೆ ಮೇಲಿನಿಂದ ಗರಗಸವಿಡಬೇಕು. ಇಲ್ಲವಾದರೆ ಭಾರಕ್ಕೆ ಮುರಿಯುವ ಕೊಂಬೆ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಇಳಿಯುತ್ತದೆ. ಭಾರ ಇಳಿದ ಮೇಲೆ ಉಳಿದ ಮೋಟನ್ನು ಉಬ್ಬಿನ ಅಂಚಿಗೆ ತೆಗೆಯಬೇಕು. ಕೆಳಗಿನ ಗಾಯದ ಮರ್ಮವನ್ನು ನಮ್ಮ ಒಳ್ಳೆಯ ಮರಗಸಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆಯ ಮರಕ್ಕೆ ನಾವು ಮಾಡುವ ದೊಡ್ಡ ಅನ್ಯಾಯ, ಎತ್ತರವಾಯಿತೆಂದು ತಲೆ ಹಾರಿಸುವುದು. ತಲೆ ಹಾರಿಸಿದ ಮರ ಮೋಟಿನ ಸುತ್ತ ಹತ್ತಾರು ಚಿಗುರನ್ನು ಒಮ್ಮೆಗೇ ಒಡೆಯುತ್ತದೆ. ಅವು ಕಾಂಡದ ಆಳದಿಂದ ಹುಟ್ಟಿದ ಕೊಂಬೆಗಳಲ್ಲ, ತೊಗಟೆಯ ಬಳಿ ಅಂಟಿಕೊಂಡವು. ಕೆಲವೇ ವರ್ಷಗಳಲ್ಲಿ ಮರ ಮೊದಲಿನಷ್ಟೇ ಎತ್ತರವಾಗುತ್ತದೆ, ಮೊದಲಿಗಿಂತ ಬೇಗ ಮುರಿಯುತ್ತದೆ. ಭಯ ಕಳೆಯಲೆಂದು ಮಾಡಿದ ಕೆಲಸ ಭಯವನ್ನು ನಾಲ್ಕು ಪಾಲು ಮಾಡಿ ಮಾಡಿನ ಮೇಲೆ ತಂದಿಡುತ್ತದೆ. ಕಾನೂನು ಸವರುವುದನ್ನೂ ಕಡಿತವೆಂದು ಕರೆದಾಗ, ತಿಳಿದೋ ತಿಳಿಯದೆಯೋ, ಇಂಥ ಸವರುವಿಕೆಗೆ ಸರಿಯಾದ ಹೆಸರನ್ನೇ ಇಟ್ಟಿತು.

ಈಗ ಆ ಪಟ್ಟಿಯ ಮಾತು. ಅನುಮತಿಯ ಕಟ್ಟಳೆಯಿಂದ ಕೆಲವು ಜಾತಿಗಳನ್ನು ಬಿಟ್ಟಿದ್ದಾರೆ ಎಂದೆನಲ್ಲ, ಸರ್ವೆ, ತೆಂಗು, ಹಾಲವಾಣ, ನೀಲಗಿರಿ, ಗ್ಲಿರಿಸಿಡಿಯ, ರಬ್ಬರ್, ಸುಬಾಬುಲ್, ಸಿಲ್ವರ್ ಓಕ್ ಮೊದಲಾದವು ಅದರಲ್ಲಿವೆ. ಮುಂದಿನ ತಿದ್ದುಪಡಿಗಳಲ್ಲಿ ಪಟ್ಟಿ ಬೆಳೆದಿದೆ, ಕಡಿಯುವ ಮೊದಲು ಚಾಲ್ತಿಯ ಪಟ್ಟಿಯನ್ನು ಕಚೇರಿಯಲ್ಲಿ ಕೇಳಿ ನೋಡಬೇಕು. ಬೇಗ ಬೆಳೆಯುವ ಮರಗಳನ್ನು ರೈತ ನೆಟ್ಟು ಕಡಿದು ಮಾರಿಕೊಳ್ಳಲಿ ಎಂಬುದು ಇದರ ಉದ್ದೇಶ, ಉದ್ದೇಶ ಒಳ್ಳೆಯದ್ದೇ. ಪರಿಣಾಮವನ್ನು ನೋಡಬೇಕಾದರೆ ಬಾಳ್ಳುಪೇಟೆಯಿಂದ ಸಕಲೇಶಪುರದವರೆಗೆ ರಸ್ತೆಯ ಎರಡೂ ಬದಿಯ ತೋಟಗಳನ್ನು ನೋಡಿದರೆ ಸಾಕು. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಕವಾಯತಿಗೆ ನಿಂತ ಪೊಲೀಸರಂತೆ ಸಾಲುಸಾಲಾಗಿ ನಿಂತಿದೆ. ಅದರ ತಪ್ಪೇನೂ ಇಲ್ಲ. ಅದು ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ. ಕಷ್ಟ ಬಂದರೆ ಯಾರನ್ನೂ ಕೇಳದೆ ಕಡಿದು ಮಾರಬಹುದು. ನಂದಿಯನ್ನೋ ಬೀಟೆಯನ್ನೋ ಹಾಗೆ ಮಾರುವಂತಿಲ್ಲ. ಆದ್ದರಿಂದ ಹಳೆಯ ನೆರಳುಮರ ಬಿದ್ದ ಜಾಗಕ್ಕೆ ಅದರ ಮರಿ ಬರುವುದಿಲ್ಲ, ಓಕ್ ಬರುತ್ತದೆ. ನಿಂತಿರುವ ನಾಡಮರವನ್ನು ಕಾನೂನು ಕಾಯುತ್ತಿದೆ, ಹುಟ್ಟಬೇಕಾದ ನಾಡಮರವನ್ನು ಅದೇ ಕಾನೂನು ಹೆದರಿಸಿ ಓಡಿಸುತ್ತಿದೆ. ಗಂಧದ ವಿಷಯದಲ್ಲಿ ಈ ಪಾಠ ಕಲಿಯಲು ಎರಡು ಶತಮಾನ ಹಿಡಿಯಿತು. ಬೀಟೆಗೆ ಅಷ್ಟು ಸಮಯವಿಲ್ಲ.

ಈ ಗುಡ್ಡಗಳಲ್ಲಿ ನೆರಳಿನ ಬೆಲೆ ಕಲಿಸಿದ್ದು ಸರ್ಕಾರವಲ್ಲ, ಒಂದು ಹುಳು. ಮಂಜರಾಬಾದ್ ಎಂದು ಕರೆಯುತ್ತಿದ್ದ ಈ ಸೀಮೆಗೆ 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಎಂಬ ತೋಟಗಾರ 1871ರಲ್ಲೂ 1894ರಲ್ಲೂ ತನ್ನ ಅನುಭವವನ್ನು ಪುಸ್ತಕವಾಗಿ ಬರೆದಿದ್ದಾನೆ. ಆರಂಭದಲ್ಲಿ ಯುರೋಪಿಯನ್ ತೋಟಗಾರರು ಕಾಡನ್ನು ಸವರಿ ಬಯಲು ಮಾಡಿ ಕಾಫಿ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಿದ್ದು ಬಿಸಿಲಿಗೆ ತೆರೆದ ತೋಟಗಳು ಒಣಗಿಹೋದವು. ನೆರಳಿದ್ದ ಕಡೆ ಗಿಡ ಉಳಿಯಿತು. ಆಮೇಲೆ ಅದೇ ಜನ ಕಡಿದ ಕೈಯಲ್ಲೇ ಮರ ನೆಟ್ಟರು. ಎಲಿಯಟ್ ತನ್ನ ಎರಡನೆಯ ಪುಸ್ತಕದಲ್ಲಿ ನೆರಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಬಸರಿ, ಗೋಣಿ, ಅತ್ತಿ, ಹಲಸುಗಳ ಗುಣದೋಷಗಳನ್ನು ಎಣಿಸಿದ್ದಾನೆ. ನಮ್ಮ ಮರಗಳ ಹೆಸರುಗಳು ಆ ಇಂಗ್ಲಿಷ್ ಕಿವಿಯಲ್ಲಿ ಹೊಕ್ಕು ಹೊರಬಂದ ರೂಪವನ್ನು ಓದುವುದು ಭಾಷಾಭ್ಯಾಸಿಗೆ ಒಂದು ಮೋಜು. ಆತ ಹೇಳಿದ ಮರಗಳ ಪೈಕಿ ಹಲಸಿಗೆ ಈಗ ಬೇರೊಂದು ಸಂಕಟ ಬಂದಿದೆ: ಹಣ್ಣಿನ ವಾಸನೆ ಹಿಡಿದು ಆನೆ ಅಂಗಳಕ್ಕೇ ಬರುತ್ತದೆಂದು ಆಲೂರು, ಸಕಲೇಶಪುರಗಳಲ್ಲಿ ಜನ ಕಾಯನ್ನು ಎಳೆಯದಾಗಿಯೇ ಉದುರಿಸುತ್ತಾರೆ, ಕೆಲವರು ಮರವನ್ನೇ ತೆಗೆಸಲು ನೋಡುತ್ತಾರೆ. ಆನೆಯ ಭಯವನ್ನು ಅನುಭವಿಸದವರು ಅವರಿಗೆ ಬುದ್ಧಿ ಹೇಳುವುದು ಸುಲಭ. ನಾನು ಹೇಳುವುದಿಲ್ಲ. ಕಾಯಿ ಉದುರಿಸಿದರೂ ಮರ ಉಳಿಯುತ್ತದೆ ಎಂದಷ್ಟೇ ಹೇಳಬಲ್ಲೆ.

ಒಂದು ಕೊಂಬೆಗೆ ಅರ್ಜಿ ಬರೆಯುವವನು, ಹಾಸನದಿಂದ ಘಟ್ಟದ ಕಡೆಗೆ ಹೆದ್ದಾರಿ ಅಗಲವಾಗುವಾಗ ಸಾಲುಮರಗಳು ಬಿದ್ದದ್ದನ್ನು ಕಂಡು, ತನಗೊಂದು ನ್ಯಾಯ ರಸ್ತೆಗೊಂದು ನ್ಯಾಯವೇ ಎಂದು ಕೇಳಿದರೆ ಅದು ಅನುಚಿತ ಪ್ರಶ್ನೆಯಲ್ಲ. ಅದಕ್ಕೂ ಕಾಯಿದೆಯಲ್ಲಿ ಒಂದು ಉತ್ತರವಿದೆ: ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಾಗ ಮೊದಲು ಪ್ರಕಟಣೆ ಹೊರಡಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕು. ಬೆಂಗಳೂರಿನವರು ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ನಮ್ಮ ಊರುಗಳಲ್ಲಿ ಪ್ರಕಟಣೆ ಕಚೇರಿಯ ಹಲಗೆಯ ಮೇಲೆ ಬಿಸಿಲಿಗೆ ಹಳದಿಯಾಗಿ ಉದುರುತ್ತದೆ. ಸಾಹಿತ್ಯ ಸಂಘಗಳಲ್ಲಿ ವನಮಹೋತ್ಸವದ ಕವಿಗೋಷ್ಠಿ ನಡೆಸುವ ನಮ್ಮಂಥವರು ವರ್ಷಕ್ಕೆರಡು ಬಾರಿ ಆ ಹಲಗೆಯನ್ನು ಓದಿ ಬರಬಹುದು.

ಕಡೆಯದಾಗಿ, ಕಡಿದ ಮರಕ್ಕೆ ಬದಲು ನೆಡುವ ಗಿಡದ ಮಾತು. ಹೆಚ್ಚಿನವರು ಅದನ್ನು ಇಲಾಖೆಗೆ ತೋರಿಸುವ ಲೆಕ್ಕವೆಂದು ಭಾವಿಸಿ, ಕೈಗೆ ಸಿಕ್ಕ ಸಸಿಯನ್ನು ಕಡಿದ ಮರದ ಬೊಡ್ಡೆಯ ಪಕ್ಕದಲ್ಲೇ, ಮತ್ತೆ ಗೋಡೆಗೆ ಒಂದು ಮಾರು ದೂರದಲ್ಲಿ ಊರುತ್ತಾರೆ. ಮೂವತ್ತು ವರ್ಷದ ಮೇಲೆ ಮಗ ಅದೇ ಅರ್ಜಿಯನ್ನು ಮತ್ತೆ ಬರೆಯಬೇಕಾಗುತ್ತದೆ. ನಮ್ಮಲ್ಲಿ ಮಳೆಗಾಲದ ಗಾಳಿ ನೈಋತ್ಯದಿಂದ ಬರುವುದರಿಂದ ದೊಡ್ಡದಾಗುವ ಮರ ಮನೆಯ ಆ ದಿಕ್ಕಿಗೆ ಹತ್ತಿರದಲ್ಲಿ ಬೇಡ. ಬಿದ್ದರೆ ಮಾಡಿನ ಮೇಲೆಯೇ ಬೀಳುತ್ತದೆ. ಈಶಾನ್ಯಕ್ಕೆ, ಮರ ಬೆಳೆದು ಎಷ್ಟು ಎತ್ತರವಾದೀತೋ ಅಷ್ಟು ದೂರದಲ್ಲಿ, ಧರೆಯ ತುದಿಯಿಂದ ಹಿಂದಕ್ಕೆ ನೆಡಬೇಕು. ಜಾಗ ಚಿಕ್ಕದಾದರೆ ನೇರಳೆ, ಹಲಸುಗಳ ಆಸೆ ಬಿಟ್ಟು ನಿಂಬೆ, ದಾಳಿಂಬೆ, ಪಾರಿಜಾತಕ್ಕೆ ತೃಪ್ತರಾಗಬೇಕು. ಜಾಗವಿದ್ದವರು ಒಂದು ನಂದಿಯನ್ನೋ ಬಸರಿಯನ್ನೋ ನೆಟ್ಟು, ನೆಟ್ಟ ವರ್ಷವನ್ನೂ ಅನುಮತಿಯ ಪತ್ರವನ್ನೂ ಮನೆಯ ಕಾಗದಗಳ ಜೊತೆ ಇಡಲಿ. ಮುಂದೆ ಆ ಮರ ಯಾರದೆಂದು ಯಾರಾದರೂ ಕೇಳಿದಾಗ ತೋರಿಸಲು ಒಂದು ಕಾಗದವಿರುತ್ತದೆ.